ಹೊಟ್ಟೆ ಕಿರಿದಾದವಳ ಬಾಣಂತನ

ಮೊದಲು ಗೊತ್ತಾಗಿದ್ದು ಮಗ್ಗಕ್ಕೆ.

ನಮ್ಮದು ಗಜೇಂದ್ರಗಡ. ಮನೆಯಲ್ಲಿ ಎರಡು ಕುಣಿಮಗ್ಗ, ಒಂದು ನನ್ನದು, ಒಂದು ನಮ್ಮವರದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ, ನೇಯ್ದ ಸೀರೆ ಸುತ್ತಿಕೊಳ್ಳುವ ಮರದ ದಿಂಡು ಹೊಟ್ಟೆಯ ಮುಂದೆಯೇ ಇರುತ್ತದೆ. ತೂಕ ಇಳಿಸುವ ಆಪರೇಷನ್ನಿಗೆ ಮುಂಚೆ ಆ ದಿಂಡು ನನ್ನ ಹೊಟ್ಟೆಯಲ್ಲಿ ಹೂತುಹೋಗಿರುತ್ತಿತ್ತು. ಆಮೇಲೆ ನಡುವೆ ಒಂದು ಗೇಣು ಜಾಗ ಬಂತು. ಹೊಸದಾಗಿ ಹೊಲ ಕೊಂಡವರು ಬದುವಿನ ಮೇಲೆ ನಿಂತು ನೋಡುವಂತೆ ನಾನು ಆ ಗೇಣು ಜಾಗವನ್ನು ದಿನಾ ನೋಡಿಕೊಂಡು ಖುಷಿಪಟ್ಟೆ. ಮೂರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಲಾಳಿ ಎಳೆಯುತ್ತಿದ್ದಾಗ ದಿಂಡು ತಣ್ಣಗೆ ಹೊಟ್ಟೆಗೆ ತಾಗಿತು.

ಸೀರೆ ಸುತ್ತಿ ಸುತ್ತಿ ದಿಂಡು ದಪ್ಪಗಾಗಿದೆ ಅಂದುಕೊಂಡೆ. ನೋಡಿದರೆ ಆಗಷ್ಟೇ ಶುರು ಮಾಡಿದ ಸೀರೆ. ದಿಂಡಿನ ಮೇಲೆ ಒಂದು ಸುತ್ತು ಬಟ್ಟೆಯೂ ಇರಲಿಲ್ಲ.

ದಪ್ಪಗಾಗಿದ್ದು ದಿಂಡಲ್ಲ, ನಾನು.

ಓಣಿಯ ಡಾಕ್ಟರ ಹತ್ತಿರ ಹೋಗಿ ತೂಕ ನೋಡಿಸಿದೆ. ಇಳಿದಿದ್ದರಲ್ಲಿ ಅರ್ಧ ವಾಪಸ್ಸು ಬಂದಿತ್ತು. ಶುಗರ್ ಕೂಡ ಜೊತೆಗೇ ಬಂದಿತ್ತು. ಹೀಗೇ ಏರಿದರೆ ಮತ್ತೆ ಇನ್ಸುಲಿನ್ ಸೂಜಿ, ಮತ್ತೆ ಮೊಣಕಾಲು ನೋವು, ಮತ್ತೆ ಕುಣಿಗೆ ಇಳಿಯಲಾಗದೆ ಮೇಲೆ ಕೂತು ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಕೆಲಸ. ನನಗೆ ಸೂಜಿಗಿಂತ ಮಗ್ಗ ಬಿಡುವುದರ ಭಯವೇ ಹೆಚ್ಚು. ಸ್ಲೀವ್ ಆಪರೇಷನ್ ಮಾಡಿಸಿಕೊಂಡು, ಹೊಟ್ಟೆಯ ಚೀಲ ಕತ್ತರಿಸಿ ಬಾಳೆಕಾಯಿಯಷ್ಟು ಉಳಿಸಿಕೊಂಡಿದ್ದೇ ಆ ಕುಣಿಗೆ ಇಳಿಯಲೆಂದು.

ಬಾಳೆಕಾಯಿಯಷ್ಟು ಹೊಟ್ಟೆಯಲ್ಲಿ ಇಷ್ಟೊಂದು ತೂಕ ಹೇಗೆ ಬಂತು ಎಂದು ನೀವು ಕೇಳಬಹುದು. ಅದಕ್ಕೆ ನನ್ನ ಅತ್ತೆ ಗುರವ್ವನ ವಿಷಯ ಹೇಳಬೇಕು.

ಅತ್ತೆ ನಮ್ಮ ಓಣಿಯ ಎಷ್ಟೋ ಹೆಣ್ಣುಮಕ್ಕಳ ಬಾಣಂತನ ಮಾಡಿದವರು. ಹೊಟ್ಟೆಗೆ ಹೊಲಿಗೆ ಬಿದ್ದು ಮನೆಗೆ ಬಂದ ಹೆಂಗಸನ್ನು ನೋಡಿಕೊಳ್ಳುವ ದಾರಿ ಅವರಿಗೆ ಗೊತ್ತಿದ್ದದ್ದು ಅದೊಂದೇ. ಆಪರೇಷನ್ ಮುಗಿಸಿ ನನ್ನನ್ನು ಹುಬ್ಬಳ್ಳಿಯಿಂದ ಕರೆತಂದ ದಿನವೇ ಕಿವಿಗೆ ಅರಳೆ ಇಟ್ಟು ತಲೆಗೆ ಸ್ಕಾರ್ಫ್ ಕಟ್ಟಿದರು. ಮೊದಲ ವರ್ಷ ದವಾಖಾನೆಯವರು ಹೇಳಿದಂತೆಯೇ ಊಟ ನಡೆಯಿತು. ತೂಕ ಇಳಿಯಿತು, ಕೆನ್ನೆ ಒಳಗೆ ಹೋದವು. ಅದನ್ನು ನೋಡಿ ಅತ್ತೆಯ ಕರುಳು ಚುರ್ ಅಂದಿತು.

"ಹೊಟ್ಟಿ ಸಣ್ಣದೈತಿ. ಹಾಕೂದು ಒಂದ ತುತ್ತ ಆದ್ರೂ ತಾಕತ್ತಿಂದ ಹಾಕಬೇಕವಾ" ಎಂದರು.

ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ ಹಾಕಿ ಬಾಣಂತಿಗೆ ಕಟ್ಟುವ ಅಂಟಿನ ಉಂಡಿ ಬಂತು. ಗೋಧಿ, ಬೆಲ್ಲದ ಮಾದಲಿ ಬಂತು, ಅದರ ಮೇಲೆ ಹಾಲು, ಹಾಲಿನ ಮೇಲೆ ತುಪ್ಪ. ಗರಿಗರಿ ಒಣಗಿದ ಕಟಕ್ ರೊಟ್ಟಿ ಮಾತ್ರ ಬಂದ್ ಆಯಿತು. ಅದರ ಚೂರುಗಳು ಚುಚ್ಚಿ ಹೊಲಿಗೆ ಬಿಚ್ಚುತ್ತವಂತೆ. ಆ ಹೊಲಿಗೆಗಳು ಮಾಯ್ದು ಯಾವ ಕಾಲವಾಗಿತ್ತೋ! ಅತ್ತೆ ಹೀಗೆ ಮಾಡುತ್ತಾರೆಂದು ಕೇಳಿದ ಬಂಧುಬಳಗದವರು ತಾವೇಕೆ ಹಿಂದೆ ಬೀಳಬೇಕು? ನರಗುಂದದಿಂದ ನನ್ನ ಅಕ್ಕ ಉಂಡಿ ಕಳಿಸಿದಳು. ರೋಣದಿಂದ ನಾದಿನಿ ಕಳಿಸಿದಳು. ಪಕ್ಕದ ಮನೆಯ ಶಂಕ್ರವ್ವ ಡಬ್ಬಿ ಹಿಡಿದು ತಾನೇ ಬಂದಳು. ಬೇಡ ಅನ್ನಬೇಕಿತ್ತು, ಖರೆ. ಆದರೆ ಅಂಟಿನ ಉಂಡಿ ಬೇಡ ಅನ್ನುವವರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಏರಿದ ತೂಕ ತೋರಿಸಲು ಹೊರಟಾಗ ಹುಬ್ಬಳ್ಳಿಯ ಅದೇ ದವಾಖಾನೆಗೆ ಅತ್ತೆಯೇ ಜೊತೆಗೆ ಬಂದರು. ಎಂಡೋಸ್ಕೋಪಿ ಆಯಿತು, ಬ್ಲಡ್ ಟೆಸ್ಟ್ ಆಯಿತು. ಡಾಕ್ಟರು ಏನೇನು ತಿನ್ನುತ್ತೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆ ಹೆಮ್ಮೆಯಿಂದ ಶುರುಮಾಡಿದರು. ಎದ್ದಕೂಡಲೆ ಉಂಡಿ, ಹನ್ನೊಂದಕ್ಕೆ ಮಾದಲಿ, ಸಂಜೆ ಸಜ್ಜಕ, ನಡುನಡುವೆ ಸಕ್ಕರೆ ಮುಂದಾದ ಚಹಾ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಜ್ಜಿ, ನಿಮ್ಮ ಸೊಸಿ ಹಡದಾರೇನ್ರಿ?"

ನರ್ಸ್ ಆ ಕಡೆ ಮುಖ ತಿರುಗಿಸಿ ನಕ್ಕಳು. ನಾನೂ ನಕ್ಕೆ. ಅತ್ತೆ ನಗಲಿಲ್ಲ.

ಡಾಕ್ಟರು ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು. "ಹೊಟ್ಟಿ ಏನೂ ಹಿಗ್ಗಿಲ್ರಿ, ಆಪರೇಷನ್ ಕೆಟ್ಟಿಲ್ಲ. ಆದ್ರ ಮೆತ್ತಗಿಂದು, ಸಿಹಿದು ಕೆಳಗ ಜಾರಿ ಹೋಗತೈತಿ. ಹೊಟ್ಟಿ ತುಂಬಿದ್ದ ಗೊತ್ತಾಗಂಗಿಲ್ಲ. ಮೊದಲ ಕಾಳು, ಪಲ್ಯ ತಿನ್ರಿ. ಗಟ್ಟಿ ಊಟ ಮಾಡ್ರಿ, ಚಲೋತ್ನಂಗ ಅಗೀರಿ. ಊಟದ ಜೋಡಿ ನೀರು ಬ್ಯಾಡ."

"ಗಟ್ಟಿದು ಅಂದ್ರ ರೊಟ್ಟಿ ತಿನ್ನಬಹುದೇನ್ರಿ?" ಎಂದು ಕೇಳಿದೆ.

"ರೊಟ್ಟಿ ಬಿಡು ಅಂದವರು ಯಾರ್ರಿ?"

ಅತ್ತೆ ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡುತ್ತಾ ಕೂತರು.

ಊರಿನ ಬಸ್ಸು ಹತ್ತಿದೆವು. ನವಲಗುಂದ ಹೋಯಿತು, ನರಗುಂದ ಬಂತು. ಗಿರಮಿಟ್ ಮಾರುವವನು ಕಿಟಕಿಯ ಹತ್ತಿರ ಬಂದಾಗ "ಇಲ್ಲಿ ಯಾರಿಗೂ ಬ್ಯಾಡ, ಮುಂದ ಹೋಗಪಾ" ಎಂದಿದ್ದೇ ಅತ್ತೆಯ ಮೊದಲ ಮಾತು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಾನ ನಿನ್ನ ಕೆಡಿಸಿದ್ನಲ್ಲವಾ."

ಎರಡು ವರ್ಷ ಈ ಹೆಂಗಸು ನನ್ನ ಬಾಯಿಗೆ ಇಟ್ಟಿದ್ದು ಪ್ರೀತಿಯನ್ನೇ. ಅದು ಸೊಂಟದಲ್ಲಿ ಕೂತಿದ್ದು ಅವರ ತಪ್ಪೇ? "ಹಂಗ ಅನಬ್ಯಾಡ್ರಿ ಅತ್ತಿ. ನೀವು ಮಾಡಿದ್ರಿ, ಮೆದ್ದಾಕಿ ನಾನ" ಎಂದೆ. ಅವರಿಗೆ ನಗು ಬಂತು. ರೋಣ ದಾಟುವ ಹೊತ್ತಿಗೆ ಒಬ್ಬರ ಹೆಗಲಿಗೆ ಒಬ್ಬರು ತಲೆ ಇಟ್ಟು ನಿದ್ದೆ ಹೋಗಿದ್ದೆವು.

ಮರುದಿನ ನನಗೆ ರೊಟ್ಟಿ ಸಿಕ್ಕಿತು. ಒಂದೇ ಒಂದು, ಮಡಿಕೆಕಾಳಿನ ಪಲ್ಯ ತಿಂದ ಮೇಲೆ. ಹಲ್ಲಿನಡಿ ಅದು ಕಟಕ್ ಅಂದ ಸದ್ದಿಗೆ ನಮ್ಮವರು ಮಗ್ಗ ನಿಲ್ಲಿಸಿ ತಿರುಗಿ ನೋಡಿದರು. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ! ಅಗಿದು ಅಗಿದು ದವಡೆ ದಣಿದವು. ಮುಕ್ಕಾಲು ರೊಟ್ಟಿಗೇ ಹೊಟ್ಟೆ ಸಾಕು ಅಂದಿತು. ಹೊಟ್ಟೆ ಹಾಗೆ ಹೇಳುತ್ತದೆ ಎಂಬುದನ್ನೇ ನಾನು ಮರೆತಿದ್ದೆ. ಡಾಕ್ಟರ ಔಷಧ ಎಂದರೆ ಕಹಿ ಎಂದುಕೊಂಡಿದ್ದೆ. ಔಷಧವೆಂದು ರೊಟ್ಟಿ ಬರೆದುಕೊಟ್ಟರೆ ಯಾರಿಗೆ ಬೇಡ?

ಎಲ್ಲವೂ ಅಷ್ಟು ಸಲೀಸಾಗಿರಲಿಲ್ಲ. ಸಂಜೆಯ ಹೊತ್ತು ನಾಲಿಗೆ ಸಿಹಿಗೆ ಹಠ ಹಿಡಿಯುತ್ತಿತ್ತು. ಸಕ್ಕರೆ ಇಲ್ಲದ ಚಹಾ ಕುಡಿಯುವಾಗ ಯಾರದೋ ಮೇಲೆ ಸಿಟ್ಟು ಬರುತ್ತಿತ್ತು. ಆಗ ಚಪ್ಪಲಿ ಮೆಟ್ಟಿಕೊಂಡು ಗುಡ್ಡದ ಕಡೆ ನಡೆದುಬಿಡುತ್ತಿದ್ದೆ. ಆದರೆ ದೊಡ್ಡ ತೊಂದರೆ ಬೇರೆಯೇ ಇತ್ತು. ಡಬ್ಬಿಗಳು ನಿಲ್ಲಲಿಲ್ಲ. ಬಾಣಂತಿಗೆಂದು ತಂದದ್ದನ್ನು ಹೊಸಿಲಿನಿಂದ ವಾಪಸ್ಸು ಕಳಿಸುವ ರೂಢಿ ನಮ್ಮಲ್ಲಿಲ್ಲ. ಶುಗರ್ ಐತಿ ಎಂದರೆ "ಒಂದಕ್ಕ ಏನಾಗತೈತಿ" ಎನ್ನುತ್ತಿದ್ದರು. ತೂಕದ ಮುಳ್ಳು ಅಲ್ಲೇ ನಿಂತಿತು. ನಾನು ಬೇಸತ್ತು, ಇದು ನನ್ನಿಂದ ಆಗದು ಎಂದು ಅತ್ತೆಯ ಮುಂದೆ ಅತ್ತುಬಿಟ್ಟೆ.

ಅತ್ತೆ ಮೂಲೆಯಲ್ಲಿದ್ದ ಡಬ್ಬಿಗಳನ್ನೆಲ್ಲ ಒಮ್ಮೆ ನೋಡಿದರು. "ಗಂಗಿಪೂಜಿ ಮಾಡೂಣು" ಎಂದರು.

ಗಂಗೆಪೂಜೆ ಎಂದರೆ ಬಾವಿಗೆ ಪೂಜೆ ಮಾಡಿ, ಬಾಣಂತನ ಮುಗಿಯಿತೆಂದು ನಾಲ್ಕು ಜನರ ಮುಂದೆ ಹೇಳುವುದು. ಅದಾದ ಮೇಲೆ ಬಾಣಂತಿ ಎಲ್ಲರಂತೆ ಉಣ್ಣುತ್ತಾಳೆ, ಎಲ್ಲರಂತೆ ದುಡಿಯುತ್ತಾಳೆ. ಉಂಡಿ ತರುವ ಕೆಲಸ ಯಾರಿಗೂ ಉಳಿಯುವುದಿಲ್ಲ. ನಾನು ಅತ್ತೆಯ ಮುಖವನ್ನೇ ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ.

ಓಣಿಯ ಬಾವಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಹಾಗಾಗಿ ನಳದಲ್ಲಿ ನೀರು ಬರುವ ದಿನ ಕಾದು, ನಳಕ್ಕೇ ಅರಿಷಿಣ ಕುಂಕುಮ ಹಚ್ಚಿ, ನನ್ನ ಸೊಂಟದ ಮೇಲೆ ತುಂಬಿದ ಕೊಡ ಇಟ್ಟರು. ನರಗುಂದದ ಅಕ್ಕ, ರೋಣದ ನಾದಿನಿ, ಶಂಕ್ರವ್ವ, ಓಣಿಯ ಮುತ್ತೈದೆಯರು ಎಲ್ಲರೂ ಬಂದಿದ್ದರು. ಉಡಿ ತುಂಬಿದ ಮೇಲೆ ಎಲ್ಲರಿಗೂ ಕಾಳಿನ ಉಸುಳಿ ಕೊಟ್ಟು ಅತ್ತೆ ಸ್ಪಷ್ಟವಾಗಿ ಹೇಳಿದರು. "ನಮ್ಮ ಶಾಂತಾನ ಬಾಣಂತನ ಇವತ್ತಿಗೆ ಮುಗೀತ್ರಿ. ಇನ್ನ ಈ ಮನಿಗೆ ಉಂಡಿ ತರಬ್ಯಾಡ್ರಿ. ತರೂದಿದ್ರ ಮೆಂತ್ಯ ಪಲ್ಯ ತರ್ರಿ."

ಆಮೇಲೆ ಬಂದ ಡಬ್ಬಿಗಳಲ್ಲಿ ಸೊಪ್ಪು, ಸವತೆಕಾಯಿ ಇದ್ದವು. ತೂಕ ಮೆಲ್ಲಗೆ ಇಳಿಯುತ್ತಿದೆ. ಸೂಜಿಯ ಮಾತು ಸದ್ಯಕ್ಕೆ ಇಲ್ಲ. ಮತ್ತೆ ಏರಬಹುದು, ಎಚ್ಚರವಾಗಿರಿ ಎಂದಿದ್ದಾರೆ ಡಾಕ್ಟರು. ಏರಿದರೆ ನಾಚಿಕೊಂಡು ಮನೆಯಲ್ಲಿ ಕೂರದೆ ಲಗೂ ಬನ್ನಿ ಎಂದೂ ಹೇಳಿದ್ದಾರೆ. ಆ ಎರಡನೆಯ ಮಾತಿಗೆ ನಾನು ಋಣಿ.

ಪೂಜೆಯ ದಿನ ಉಸುಳಿ ಹಂಚಿದ ಕೂಡಲೆ ಅತ್ತೆ ನನ್ನ ಕೈ ಹಿಡಿದು ಮಗ್ಗದ ಕುಣಿಗೆ ಇಳಿಸಿದರು. ಹೆಂಗಸರೆಲ್ಲ ಉಸುಳಿಯ ತಾಟು ಹಿಡಿದು ಸುತ್ತ ನಿಂತರು. ನಾನು ಲಾಳಿ ಎಳೆಯಲು ಶುರುಮಾಡಿದೆ. ಶಂಕ್ರವ್ವನಿಗೆ ಬಾಯಿ ಸುಮ್ಮನಿರದು. "ಗುರವ್ವಕ್ಕಾ, ಬಾಣಂತನ ಮಾಡಿದಿ, ಗಂಗಿಪೂಜಿ ಮಾಡಿದಿ. ಕೂಸ ಎಲ್ಲೈತಿ?"

ಅತ್ತೆ ನನ್ನ ತಲೆಯ ಮೇಲೆ ಕೈ ಇಟ್ಟರು. "ಇದ ಕೂಸು. ತೂಕ ಇಳದ್ರ ಮನಿಮಂದಿ ಖುಷಿ ಪಡೂ ಕೂಸು ಇದೊಂದ ನೋಡವಾ."

ನಗು ತಡೆಯಲಾಗದೆ ಎಳೆ ತಪ್ಪಿಸಿದೆ. ಬಿಚ್ಚಿ, ಮತ್ತೆ ನೇಯ್ದೆ.