ಮಾವನ ಎಡಗೈ

ವಿದ್ಯುತ್ ಕೆಲಸದಿಂದ ನಿವೃತ್ತರಾದ ಮಾವ ಸ್ವಿಚ್ಚಿನ ಮುಂದೆ ಎಡಗೈಯನ್ನು ಜೇಬಿಗಿಳಿಸಿ ಮಂತ್ರಿಯಂತೆ ನಿಲ್ಲುತ್ತಿದ್ದರು. ಎರಡೂ ಕೈ ತಾಗಿದರೆ ಕರೆಂಟು ಎದೆ ಹಾಯುತ್ತದೆಂಬುದು ಅವರ ಶಾಸನ. ಮಿಕ್ಸಿ ಬರಲಿ, ಅಳಿಯ ಬರಲಿ, ಮೊದಲು ವೋಲ್ಟು ಆಂಪಿಯರುಗಳ ವಿಚಾರಣೆ. ಸೊಸೆ ಹೀಟರ್ ತಂದ ದಿನವೂ ಅದೇ ರಾಗ: "ಇನ್ನೂರಮೂವತ್ತು ವೋಲ್ಟು, ಹತ್ತು ಆಂಪಿಯರು. ಭಾಗಿಸಿದ್ರೆ ಇಪ್ಪತ್ಮೂರು ಓಮು, ಗುಣಿಸಿದ್ರೆ ಎರಡು ಸಾವಿರದ ಮುನ್ನೂರು ವ್ಯಾಟು. ಈ ಪ್ಲಗ್ಗು ಐದು ಆಂಪಿಯರಿಂದು ಕಣಮ್ಮ, ತಡಕೊಳ್ಳಲ್ಲ." "ಚಳಿಗೆ ಲೆಕ್ಕ ಬರಲ್ಲ ಮಾವ," ಎಂದು ನಕ್ಕ ಸೊಸೆ ಸ್ವಿಚ್ಚು ಒತ್ತಿಯೇಬಿಟ್ಟಳು. ಸ್ವಲ್ಪ ಹೊತ್ತಿನಲ್ಲೇ ಪ್ಲಗ್ಗು ಕರಗಿ ಕಿಡಿ ಹಾರಿತು; ಸ್ವಿಚ್ಚು ಅಂಟಿಕೊಂಡು ಆರಲೊಲ್ಲದು. ಅವಳು ಕಲ್ಲಾಗಿ ನಿಂತಿದ್ದಾಗ ಮಾವ ನುಗ್ಗಿ ಬಂದು, ಎರಡೂ ಕೈಯಿಂದ ಪ್ಲಗ್ಗನ್ನು ಕಿತ್ತೆಸೆದರು. ಸ್ವಿಚ್ಚಿನ ಬಳಿ ಆ ಎಡಗೈ ಜೇಬಿನಿಂದ ಹೊರಬಂದದ್ದನ್ನು ಅವಳು ಕಂಡದ್ದು ಅದೇ ಮೊದಲು. ಸುಟ್ಟ ಅಂಗೈಗೆ ಅವಳು ನೀರು ಹೊಯ್ಯುತ್ತಿದ್ದರೆ ಮಾವ ಕೇಳಿದರು: "ಈಗ ಹೇಳು, ಎಷ್ಟು ವ್ಯಾಟು?"