ಗಂಡಸರ ತಲೆಯ ಮೇಲಿನ ಸಿಂಬಿ

ಉಪಾಧ್ಯಾಯರ ಸಾಲಿನಲ್ಲಿ ಡ್ರಿಲ್ ಮೇಷ್ಟ್ರನ್ನು ತೀರ ಕೊನೆಗೆ ನಿಲ್ಲಿಸುವುದು ನಮ್ಮ ಸೀಮೆಯ ಹಳೆಯ ವಾಡಿಕೆ. ಗಣಿತದವರಿಗೆ ಕುರ್ಚಿ, ಇಂಗ್ಲಿಷಿನವರಿಗೆ ಹಾರ, ಡ್ರಿಲ್ಲಿನವರಿಗೆ ಫೋಟೋದ ಅಂಚು. ಶ್ರೀ ವೀರಬಸಪ್ಪನವರು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದಿಂದ ಈ ಅಂಚಿನಲ್ಲೇ ನಿಂತು, ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಮಕ್ಕಳಿಗೆ ನೆಟ್ಟಗೆ ನಿಲ್ಲುವುದನ್ನು ಕಲಿಸಿ, ಈಗ ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರು ಕಲಿಸಿದ್ದು ನೆಟ್ಟಗೆ ನಿಲ್ಲುವುದನ್ನು. ಬೇಕಾದ ಕಡೆ ಬಾಗುವುದನ್ನು ನಾವು ನಾವೇ ಕಲಿತುಕೊಂಡೆವು.

ಅಭಿನಂದನ ಸಮಿತಿಯ ಅಧ್ಯಕ್ಷರಾದ, ಅಕ್ಕಿ ಗಿರಣಿಯ ಮಾಲೀಕರಾದ ಶ್ರೀ ಮಲ್ಲಿಕಾರ್ಜುನಪ್ಪನವರು ಈ ಲೇಖನಕ್ಕೆ ಮೊದಲೇ ಒಂದು ಸೂಚನೆ ದಯಪಾಲಿಸಿದ್ದರು. ಮೇಷ್ಟ್ರು ಯುದ್ಧದಲ್ಲಿ ಕಂಡ ಬಂದೂಕು, ಫಿರಂಗಿ, ವಿಮಾನಗಳೆಲ್ಲ ಧಾರಾಳವಾಗಿ ಬರಲಿ, ಸಿಂಬಿಯ ಪ್ರಸ್ತಾಪ ಮಾತ್ರ ಬೇಡ, ಅದು ಸನ್ಮಾನದ ಪುಸ್ತಕಕ್ಕೆ ಶೋಭೆಯಲ್ಲ ಎಂದು. ಸಿಂಬಿ ಎಂದರೆ ಮತ್ತೇನಲ್ಲ, ನಮ್ಮ ಹೆಣ್ಣುಮಕ್ಕಳು ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಈ ಸೂಚನೆ ವೀರಬಸಪ್ಪನವರ ಕಿವಿಗೆ ಬಿದ್ದಾಗ ಅವರು ಅಂಗಳದಲ್ಲಿ ಸೌದೆ ಒಡೆಯುತ್ತಿದ್ದರು. ಕೊಡಲಿಯನ್ನು ಕೊರಡಿನಲ್ಲೇ ಬಿಟ್ಟು, ಬೆವರೊರೆಸಿಕೊಳ್ಳದೆ ಒಂದೇ ಮಾತು ಹೇಳಿದರು:

“ಸಿಂಬಿ ಬಿಟ್ರೆ ನನ್ನ ಯುದ್ಧದಾಗೆ ಇನ್ನೇನೂ ಉಳಿಯಂಗಿಲ್ಲ ಕಣ್ರೀ. ಅದನ್ನ ಬರೀದಿದ್ರೆ ನಾನು ವೇದಿಕೆ ಹತ್ತಂಗಿಲ್ಲ ಅಂತ ಹೇಳಿಬಿಡ್ರಿ.”

ಆದ್ದರಿಂದ ಸಿಂಬಿಯ ವಿಷಯವನ್ನೇ ಬರೆಯಬೇಕಾಗಿದೆ.

ಶಿಕಾರಿಪುರದ ಜವಳಿ ಅಂಗಡಿಯ ಮನೆತನದಲ್ಲಿ ಹುಟ್ಟಿದ ವೀರಬಸಪ್ಪನವರಿಗೆ ಗಜಕೋಲು ಒಗ್ಗಲಿಲ್ಲ. ಹರೆಯದಲ್ಲೇ ಮನೆಯವರಿಗೆ ಹೇಳದೆ ಬೆಂಗಳೂರಿಗೆ ಹೋಗಿ ಸೈನ್ಯ ಸೇರಿದರು. ಬಂದೂಕಿನ ಕೆಲಸ ಸಿಗಲಿಲ್ಲ, ಗಾಯಾಳುಗಳನ್ನು ಸ್ಟ್ರೆಚರಿನಲ್ಲಿ ಹೊರುವ ವೈದ್ಯಕೀಯ ದಳದ ಕೆಲಸ ಸಿಕ್ಕಿತು. ಅದರಲ್ಲೇ ಹವಾಲ್ದಾರರಾದರು. ನಲವತ್ತನಾಲ್ಕನೆಯ ಇಸವಿಯಲ್ಲಿ ಅವರನ್ನು ಬರ್ಮಾದ ಕಲಾದಾನ್ ಕಣಿವೆಗೆ ಕಳುಹಿಸಿದಾಗ, ಅಲ್ಲಿ ಜಪಾನೀಯರ ಎದುರು ನಿಂತಿದ್ದ ಸೈನ್ಯ ಬಿಳಿಯರದೂ ಅಲ್ಲ, ನಮ್ಮವರದೂ ಅಲ್ಲ. ನೈಜೀರಿಯಾ, ಗೋಲ್ಡ್ ಕೋಸ್ಟ್, ಸಿಯೆರಾ ಲಿಯೋನ್, ಗ್ಯಾಂಬಿಯಾಗಳಿಂದ ಕಡಲು ದಾಟಿ ಬಂದ ಪಶ್ಚಿಮ ಆಫ್ರಿಕದವರದು.

ಅವರ ತೋಳಿನ ಪಟ್ಟಿಯಲ್ಲಿ ಜೇಡದ ಗುರುತಿತ್ತು. ಅದನ್ನು ತಲೆಕೆಳಗಾಗಿ ಹೊಲಿಯುತ್ತಿದ್ದರು. ಬಂದೂಕೆತ್ತಿ ಗುರಿ ಹಿಡಿದಾಗ ಜೇಡ ಶತ್ರುವಿನ ಕಡೆ ನಡೆದು ಹೋಗುವಂತೆ ಕಾಣಬೇಕೆಂದು. ಆ ಕಣಿವೆಗೆ ರಸ್ತೆಯಿರಲಿಲ್ಲ, ಲಾರಿ ಬರುವಂತಿರಲಿಲ್ಲ. ಅಕ್ಕಿಯಿಂದ ಮದ್ದುಗುಂಡಿನವರೆಗೆ ಸಮಸ್ತವೂ ಡಕೋಟಾ ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿಯಬೇಕು. ಇಳಿದದ್ದು ಗುಡ್ಡದಿಂದ ಗುಡ್ಡಕ್ಕೆ ಮನುಷ್ಯರ ತಲೆಯ ಮೇಲೆ ಸಾಗಬೇಕು. ಹೊರುವುದಕ್ಕೆಂದೇ ಅವರ ಸೈನ್ಯದಲ್ಲಿ ಬೇರೆ ತುಕಡಿಗಳಿದ್ದವು. ಮಾರ್ಟರಿನ ನಳಿಗೆ ಒಬ್ಬನ ತಲೆಯ ಮೇಲೆ, ಅದರಡಿಯ ಕಬ್ಬಿಣದ ಹಲಗೆ ಇನ್ನೊಬ್ಬನ ತಲೆಯ ಮೇಲೆ. ಗುಡ್ಡಗಾಡಿನ ಫಿರಂಗಿಯನ್ನು ಬಿಡಿಬಿಡಿ ಮಾಡಿ ತಲೆಯ ಮೇಲೇ ಏರಿಸಿಕೊಂಡು ಹೋಗಿ, ಶಿಖರದಲ್ಲಿ ಜೋಡಿಸಿ ಹಾರಿಸಿಬಿಡುತ್ತಿದ್ದರು. ಗಾಯಾಳುವನ್ನೂ ಹಾಗೆಯೇ, ಸ್ಟ್ರೆಚರಿನ ನಾಲ್ಕು ಮೂಲೆ ನಾಲ್ವರ ತಲೆಯ ಮೇಲೆ. ನೆತ್ತಿಯ ಮೇಲೆ ಹೊತ್ತವನು ಎಡವುವುದು ಕಡಿಮೆ. ಹೊಟ್ಟೆಗೆ ಗುಂಡು ತಾಗಿದವನೂ ಕುಲುಕದೆ ಮಲಗಿರುತ್ತಿದ್ದ.

ವೀರಬಸಪ್ಪನವರು ಮೊದಲು ನಕ್ಕರು. ನಮ್ಮ ಸೀಮೆಯ ಗಂಡಸಲ್ಲವೇ, ಹುಟ್ಟುಗುಣ. ಮೂಸಾ ಎಂಬ ಹೌಸಾ ಭಾಷೆಯ ಕಾರ್ಪೋರಲ್ ಒಬ್ಬ ಬಟ್ಟೆ ಸುತ್ತಿ ಸುರುಳಿ ಮಾಡಿ ‘ಗಮ್ಮೊ’ ಎಂದು ಕೈಗಿತ್ತಾಗ, ಇದಕ್ಕೆ ನಮ್ಮ ಕಡೆ ಸಿಂಬಿ ಅನ್ನುತ್ತಾರೆ, ನಮ್ಮಲ್ಲಿ ಇದು ಹೆಂಗಸರದು ಎಂದರು. ಮೂಸಾ ಸಿಪಾಯಿಗಳ ಅರೆಬರೆ ಇಂಗ್ಲಿಷಿನಲ್ಲಿ, ನಗದೆ, ನಿಮ್ಮ ಕಡೆ ತಲೆ ಇರುವುದು ಹೆಂಗಸರಿಗೆ ಮಾತ್ರವೇ ಎಂದು ಕೇಳಿದ. ವೀರಬಸಪ್ಪನವರು ಸಿಂಬಿಯನ್ನು ತಲೆಗಿಟ್ಟುಕೊಂಡು ಸ್ಟ್ರೆಚರಿನ ಒಂದು ಮೂಲೆಗೆ ತಲೆ ಕೊಟ್ಟರು.

ಯುದ್ಧ ಮುಗಿಯಿತು. ಕಲಾದಾನಿನ ಹೊರೆಗಾರರನ್ನು ಲೋಕ ಮರೆತದ್ದು ವೀರಬಸಪ್ಪನವರಿಗೆ ಮೊದಲ ಸಿಟ್ಟು. ಬಂದೂಕು ಹಿಡಿದವನ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಆ ಬಂದೂಕಿನ ಗುಂಡನ್ನು ಅಲ್ಲಿಗೆ ಹೊತ್ತವನದು ಬರುವುದಿಲ್ಲ ಎಂದು ಹೇಳಿ ಹೇಳಿ ಸಾಕಾದರು. ಡ್ರಿಲ್ ಮೇಷ್ಟ್ರಾಗಿ ಸೊರಬಕ್ಕೆ ಬಂದ ಮೇಲೆ ಶಾಲೆಯ ತೋಟಕ್ಕೆ ಗಂಡುಹುಡುಗರಿಂದಲೂ ಸಿಂಬಿ ಇಡಿಸಿ ನೀರು ಹೊರಿಸಿದರು. ಬೆನ್ನು ನೆಟ್ಟಗಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಕವಾಯತು ಇಲ್ಲ ಎಂಬುದು ಅವರ ವಾದ. ಹೆತ್ತವರು ದಂಡು ಕಟ್ಟಿಕೊಂಡು ಬಂದು, ನಮ್ಮ ಗಂಡುಮಕ್ಕಳನ್ನು ಹೆಣ್ಣು ಮಾಡುತ್ತಿದ್ದೀರಿ ಎಂದು ಜಗಳ ತೆಗೆದರು. ನೀರು ಹೊರುವುದು ನಿಂತಿತು. ಮೇಷ್ಟ್ರು ಮಾತ್ರ ಒಬ್ಬರೇ, ತಮ್ಮ ಸರದಿಯ ಕೊಡವನ್ನು ತಲೆಯ ಮೇಲೇ ಹೊತ್ತು ತರುತ್ತಿದ್ದರು. ಜ್ವರದಲ್ಲಿ ಶಾಲೆಗೆ ಬಂದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಅದರ ಊರಿನತನಕ ಬಿಟ್ಟು ಬಂದದ್ದೂ ಉಂಟು. ಆಗ ಯಾರೂ ನಗುತ್ತಿರಲಿಲ್ಲ, ಹೊರೆ ಅವರವರ ಮಗುವಲ್ಲವೇ.

ಐವತ್ತೇಳರ ಮಾರ್ಚಿನಲ್ಲಿ ಗೋಲ್ಡ್ ಕೋಸ್ಟ್ ಸ್ವತಂತ್ರವಾಗಿ ಘಾನಾ ಎಂಬ ಹೆಸರು ತಳೆಯಿತು. ಸುದ್ದಿ ಓದಿದ ಮೇಷ್ಟ್ರು ಶಾಲೆಗೆಲ್ಲ ಕಲ್ಲುಸಕ್ಕರೆ ಹಂಚಿದರು. ಅದೇ ದಿನಗಳಲ್ಲಿ ಕ್ಯಾಸನೂರಿನ ಕಾಡಂಚಿನಲ್ಲಿ ಮಂಗಗಳು ಸತ್ತು ಬೀಳತೊಡಗಿದ್ದವು. ಬೆನ್ನಿಗೇ ಮನುಷ್ಯರಿಗೆ ಜ್ವರ, ಮೂಗು ವಸಡುಗಳಲ್ಲಿ ರಕ್ತ. ಸೌದೆಗೆಂದು ಕಾಡಿಗೆ ಹೋಗಿ ಬಂದ ಗುತ್ಯಪ್ಪನೆಂಬ ಯುವಕ ಮಲಗಿದ. ಅವನ ಕೇರಿಗೂ ರಸ್ತೆಗೂ ನಡುವೆ ದೊಡ್ಡ ಕೊರಕಲು, ವೈದ್ಯರ ವಾಹನ ಆಚೆಗೇ ನಿಲ್ಲಬೇಕಾಯಿತು. ಗಾಡಿಯಲ್ಲಿ ಕುಲುಕಿಸಬೇಡಿ, ಅಂಗಾತ ಮಲಗಿಸಿಯೂ ತರಬೇಡಿ, ಮಗ್ಗುಲಾಗಿ ಮಲಗಿಸಿ ಮೆಲ್ಲಗೆ ಹೊತ್ತು ತನ್ನಿ ಎಂದು ವೈದ್ಯರು ಹೇಳಿ ಕಳುಹಿಸಿದರು.

ಇಲ್ಲಿ ನಮ್ಮವರ ಬುದ್ಧಿ ಸಿಕ್ಕಿಹಾಕಿಕೊಂಡಿತು. ಮಲಗಿದವನನ್ನು ನಾಲ್ವರು ಹೆಗಲ ಮೇಲೆ ಹೊತ್ತರೆ ಅದು ಚಟ್ಟ, ಬದುಕಿದವನಿಗೆ ಅಪಶಕುನ. ತಲೆಯ ಮೇಲೆ ಹೊತ್ತರೆ ಅದು ಹೆಂಗಸರ ಕೆಲಸ, ಗಂಡಸಿಗೆ ಅವಮಾನ. ಉಳಿದದ್ದು ಕಂಬಳಿಯ ಜೋಲಿ, ಅದರಲ್ಲಿ ರೋಗಿ ಮಗ್ಗುಲಾಗಿ ಮಲಗಲಾರ, ಮುದುಡಿ ಗಂಟಾಗುತ್ತಾನೆ. ಸುದ್ದಿ ತಿಳಿದು ಸೊರಬದಿಂದ ಸೈಕಲ್ಲಿನಲ್ಲಿ ಬಂದಿದ್ದ ವೀರಬಸಪ್ಪನವರು ಹಗ್ಗದ ಮಂಚ ತರಿಸಿ, ತಮ್ಮ ರುಮಾಲನ್ನೇ ಬಿಚ್ಚಿ ಸಿಂಬಿ ಸುತ್ತಿ ತಲೆಗಿಟ್ಟುಕೊಂಡು, ಇನ್ನು ಮೂವರು ಬನ್ನಿ ಎಂದು ಕರೆದರು. ಯಾರೂ ಮುಂದೆ ಬರಲಿಲ್ಲ. ಗುತ್ಯಪ್ಪನ ಹೆಂಡತಿ ವರದಮ್ಮ ನೆರೆದ ಗಂಡಸರ ಮುಖವನ್ನು ಒಂದೊಂದಾಗಿ ನೋಡಿದರು. ಭತ್ತದ ವ್ಯಾಪಾರಕ್ಕೆ ಬಂದು, ರೋಗಿಯನ್ನು ನೋಡಲು ನಿಂತಿದ್ದ ಮಲ್ಲಿಕಾರ್ಜುನಪ್ಪನವರು ಆಗ ಆಡಿದ ಮಾತನ್ನು ಇಲ್ಲಿ ಇದ್ದದ್ದು ಇದ್ದಂತೆ ಕೊಟ್ಟಿದೆ:

“ಏನ್ರೀ ಮೇಷ್ಟ್ರೇ, ಇವತ್ತು ಸಿಂಬಿ ಇಡ್ಸಿ, ನಾಳೆ ಬಳೆನೂ ತೊಡಿಸ್ತೀರೇನ್ರೀ?”

ನೆರೆದವರು ನಕ್ಕರು. ಒಳಗೆ ಒಬ್ಬ ಮನುಷ್ಯ ರಕ್ತ ಕಾರುತ್ತಿದ್ದ, ಹೊರಗೆ ಇವರು ನಕ್ಕರು. ಬಿದಿರಿಗೆ ಜೋಲಿ ಕಟ್ಟಿದರು. ಮೇಷ್ಟ್ರು ಜೋಲಿಯ ಮಗ್ಗುಲಲ್ಲೇ ಓಡುತ್ತ, ಅವನ ತಲೆ ಎತ್ತಿ ಹಿಡಿಯಲು ಹೆಣಗಾಡಿದರು. ಕೊರಕಲು ಇಳಿಯುವಾಗ ಬಿದಿರು ವಾಲಿ ಗುತ್ಯಪ್ಪ ಮಡಿಚಿಹೋದ, ಗಂಟಲಿಗೆ ಬಂದ ರಕ್ತ ಹೊರಗೆ ಬರಲಿಲ್ಲ. ರಸ್ತೆ ಕಾಣುವಷ್ಟು ಹತ್ತಿರದಲ್ಲಿ ಉಸಿರು ನಿಂತಿತು. ಆ ರೋಗಕ್ಕೆ ಮದ್ದಿರಲಿಲ್ಲ, ಆಸ್ಪತ್ರೆ ಸೇರಿದ್ದರೂ ಉಳಿಯುತ್ತಿದ್ದನೆಂದು ಹೇಳುವಂತಿಲ್ಲ ಎಂದು ವೈದ್ಯರು ಪ್ರಾಮಾಣಿಕವಾಗಿ ನುಡಿದರು. ಆ ಮಾತನ್ನು ನಮ್ಮವರು ಬೆಲ್ಲದಂತೆ ಚಪ್ಪರಿಸಿದರು. ರೋಗದಿಂದ ಸಾಯುವುದು ಬೇರೆ, ಮೀಸೆಯ ದೆಸೆಯಿಂದ ಉಸಿರುಗಟ್ಟುವುದು ಬೇರೆ ಎಂದು ಯಾರೂ ಅವರ ಮುಖದ ಮೇಲೆ ಹೇಳಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇಲ್ಲಿ ಬಿದ್ದವನು ಒಬ್ಬ, ಮೀಸೆ ಇನ್ನೊಬ್ಬರದು.

ಕೆಲವೇ ದಿನಗಳಲ್ಲಿ ಗುತ್ಯಪ್ಪನ ತಾಯಿ ಹುಚ್ಚಮ್ಮನವರೂ ಮಲಗಿದರು. ಈ ಸಲ ವರದಮ್ಮ ಗಂಡಸರನ್ನು ಕೇಳಲೇ ಇಲ್ಲ. ಸೂತಕದ ಮನೆಯಿಂದ ಸೊರಬಕ್ಕೆ ನಡೆದು ಬಂದು, ಶಾಲೆಯ ಬಯಲಿನಲ್ಲಿ ಮಕ್ಕಳ ಸಾಲಿನ ಆಚೆ ನಿಂತು ಮೇಷ್ಟ್ರನ್ನು ಕೂಗಿದರು.

“ನಮ್ಮತ್ತೆನ ಹೊರೋಕೆ ಕೇರಿಲಿ ಮೂರು ಜನ ಹೆಂಗಸ್ರು ಇದೀವಿ ಮೇಷ್ಟ್ರೇ. ನಾಕನೇ ತಲೆ ನಿಮ್ದು ಕೊಡ್ತೀರಾ?”

ಮೇಷ್ಟ್ರು ಕೊಟ್ಟರು. ಮಾಸ್ತಮ್ಮ, ತಿಮ್ಮಮ್ಮ ಎಂಬ ನೆರೆಯ ಇಬ್ಬರು ಹೆಣ್ಣುಮಕ್ಕಳು ಮುಂದೆ, ವರದಮ್ಮನೂ ಮೇಷ್ಟ್ರೂ ಹಿಂದೆ. ಮಗ್ಗುಲಾಗಿ ಮಲಗಿಸಿದ ಮುದುಕಿಯ ಮಂಚ ನಾಲ್ಕು ಸಿಂಬಿಗಳ ಮೇಲೆ ಅದೇ ಕೊರಕಲನ್ನು ಇಳಿದು ಹತ್ತಿತು. ಇಳಿಯುವಾಗ ಮುಂದಿನವರು ಮಂಚವನ್ನು ಕೈಯಲ್ಲಿ ಎತ್ತಿ ಹಿಡಿಯಬೇಕು, ಹತ್ತುವಾಗ ಹಿಂದಿನವರು. ಕಲಾದಾನಿನಲ್ಲಿ ಮೂಸಾ ಕೂಗುತ್ತಿದ್ದಂತೆಯೇ ಮೇಷ್ಟ್ರು ಹೆಜ್ಜೆ ಹೆಜ್ಜೆಗೂ ಕೂಗಿ ಹೇಳುತ್ತಿದ್ದರು. ದಾರಿಯುದ್ದಕ್ಕೂ ಗಂಡಸರು ಬದಿಗೆ ಸರಿದು ನಿಂತು ನೋಡಿದರು, ಒಬ್ಬನೂ ಹೊರೆ ಬದಲಿಸಿಕೊಳ್ಳಲು ಬರಲಿಲ್ಲ. ಹುಚ್ಚಮ್ಮನವರು ಬದುಕಿದರು. ಇಂದೂ ಇದ್ದಾರೆ. ಮೇಷ್ಟ್ರಿಗೆ ಸಿಕ್ಕ ಬಹುಮಾನವೆಂದರೆ ‘ಸಿಂಬಿ ಮೇಷ್ಟ್ರು’ ಎಂಬ ಅಡ್ಡಹೆಸರು. ಚಂದ್ರಗುತ್ತಿಯಿಂದ ಶಿಕಾರಿಪುರದ ಸಂತೆಯತನಕ ಅದು ಅವರಿಗಿಂತ ಮೊದಲೇ ಹೋಗಿ ಕುಳಿತಿರುತ್ತಿತ್ತು.

ನಮ್ಮ ದೇಶದ ವಿಮಾನದಳದವರು ಘಾನಾಕ್ಕೆ ಹೋಗಿ ಅಲ್ಲಿಯವರಿಗೆ ವಾಯುಸೇನೆ ಕಟ್ಟಿಕೊಡುತ್ತಿದ್ದಾರೆಂದು ಈ ವರ್ಷ ಪತ್ರಿಕೆಗಳಲ್ಲಿ ಬಂದಿದೆ. ಸಮಿತಿಯ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಎಲ್ಲರೂ ಎದೆಯುಬ್ಬಿಸಿದರು. ಅವರಿಗೆ ನಾವು ಕಲಿಸುವುದು ಸಂತೋಷವೇ. ಅವರು ನಮಗೆ ಕಲಿಸಿದ್ದನ್ನು ತಲೆಗೆ ಹಾಕಿಕೊಳ್ಳದೆ ನಾವು ಒಬ್ಬನನ್ನು ಕೊಂದೆವು ಎಂಬುದನ್ನೂ ಅದೇ ಸಭೆಯಲ್ಲಿ ಓದಬೇಕಿತ್ತು. ಓದಲಿಲ್ಲವೆಂದೇ ಇಲ್ಲಿ ಅಚ್ಚಾಗುತ್ತಿದೆ.

ಸನ್ಮಾನಕ್ಕೆ ಒಪ್ಪುವಾಗ ವೀರಬಸಪ್ಪನವರು ಈ ಲೇಖನದ ಜೊತೆ ಇನ್ನೊಂದು ಷರತ್ತು ಹಾಕಿದ್ದಾರೆ. ಶಾಲು, ಪೇಟ, ಹಾರಗಳಿಗೆ ಮೊದಲು ವೇದಿಕೆಯ ಮುಂದೆ ಒಂದು ಹಗ್ಗದ ಮಂಚ ಬರಬೇಕು. ಅದರ ಮೇಲೆ ಹುಚ್ಚಮ್ಮನವರು ಕುಳಿತಿರಬೇಕು. ನಾಲ್ವರು ಗಂಡಸರು ಸಿಂಬಿಯಿಟ್ಟು ಆ ಮಂಚವನ್ನು ಬಯಲಿನ ಸುತ್ತ ಒಂದು ಸಲ ಹೊರಬೇಕು. ಆಮೇಲೆ ಬೇಕಾದರೆ ಪೇಟ ತೊಡಿಸಿ ಎಂದಿದ್ದಾರೆ. ಅಂದು ನಕ್ಕವರಲ್ಲಿ ಮೂವರು ತಾವಾಗಿಯೇ ಬಂದು ಒಪ್ಪಿಕೊಂಡು ಹೋಗಿದ್ದಾರೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನಬಹುದು, ಆದರೂ ಬಂತು. ನಾಲ್ಕನೆಯವರಾಗಿ ಮೇಷ್ಟ್ರು ಕೇಳಿರುವುದು ಅಧ್ಯಕ್ಷರನ್ನೇ. ಈ ಪುಟ ಅಚ್ಚಿಗೆ ಹೋಗುವವರೆಗೂ ಅವರಿಂದ ಉತ್ತರ ಬಂದಿಲ್ಲ.

ಶ್ರೀ ವೀರಬಸಪ್ಪನವರು ನೂರು ವರ್ಷ ಬಾಳಲಿ, ಅವರ ಬೆನ್ನೂ ಅವರ ಸಿಟ್ಟೂ ಹೀಗೇ ನೆಟ್ಟಗಿರಲಿ. ಇನ್ನೂ ಬಹುಕಾಲ ನಮ್ಮ ಮಕ್ಕಳಿಗೆ ಹೊರುವುದನ್ನು ಕಲಿಸಲಿ. ವರದಮ್ಮನವರು ಗಂಡನ ಹಳೆಯ ಪಂಚೆ ಹರಿದು ನಾಲ್ಕು ಸಿಂಬಿ ಸುತ್ತಿ ಕಳುಹಿಸಿದ್ದಾರೆ. ಮೂರಕ್ಕೆ ತಲೆ ಸಿಕ್ಕಿದೆ. ನಾಲ್ಕನೆಯದು ಅಧ್ಯಕ್ಷರ ಕುರ್ಚಿಯ ಮೇಲಿದೆ.