ಅಪ್ಪ ನನಗೆ ಬರೆದ ಮನೆ

ಅಪ್ಪ ಸತ್ತ ಮೇಲೆ ಅವನ ವಿಲ್ ಹಿಡಿದುಕೊಂಡು ಭದ್ರಾವತಿಯಿಂದ ಶಿವಮೊಗ್ಗದ ವಕೀಲರ ಹತ್ತಿರ ಹೋದವಳು ನಾನೊಬ್ಬಳೇ. ಅಣ್ಣ ಬರಲಿಲ್ಲ. ಅವನಿಗೆ ಬರುವ ಅಗತ್ಯವೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ವಿಲ್‌ನಲ್ಲಿ ಇದ್ದದ್ದು ಇಷ್ಟೇ: ಶಿವಮೊಗ್ಗದ ಖಾಲಿ ಸೈಟು ಅಣ್ಣನಿಗೆ, ನ್ಯೂ ಟೌನಿನ ಮನೆ ನನಗೆ. ಮದುವೆಯಾಗದೆ ಉಳಿದು, ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಂಡವಳು ನಾನು. "ನಿಂಗೆ ಒಳ್ಳೇದನ್ನೇ ಬರ್ದಿದೀನಿ ಮಾರಾಯ್ತಿ, ಸೂರಿನ ಯೋಚ್ನೆ ಬಿಡು" ಅನ್ನುತ್ತಿದ್ದ.

ಆ ಮನೆ ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯದು. ನಮಗೆ ಗೊತ್ತಿರಲಿಲ್ಲ ಅಂತಲ್ಲ. ಆದರೆ ನ್ಯೂ ಟೌನಿನಲ್ಲಿ ಯಾರೂ ಕ್ವಾರ್ಟರ್ಸ್ ಅನ್ನುವುದಿಲ್ಲ, ನಮ್ಮನೆ ಅನ್ನುತ್ತಾರೆ. ಒಬ್ಬರು ಹಿಂದೆ ಶೀಟು ಇಳಿಸಿ ಬಚ್ಚಲು ಮಾಡಿಕೊಂಡರೆ ಪಕ್ಕದವರು ಮುಂದೆ ಜಗಲಿ ಕಟ್ಟುತ್ತಾರೆ. ಅಪ್ಪ ಹಲಸು ನೆಟ್ಟ, ಟೈಲ್ಸ್ ಹಾಕಿಸಿದ, ರಿಟೈರ್ ಆದ ಮೇಲೂ ಲೀಸಿಗೆ ತೆಗೆದುಕೊಂಡು ಅಲ್ಲೇ ಉಳಿದ. ಇಷ್ಟೆಲ್ಲ ಮಾಡಿದ ಮೇಲೆ ಇದು ನಮ್ಮದಲ್ಲದೆ ಇನ್ಯಾರದು ಅಂತ ಅಪ್ಪ, ನಾನು ಇಬ್ಬರೂ ನಂಬಿಬಿಟ್ಟಿದ್ದೆವು.

ಎಷ್ಟು ನಂಬಿದ್ದೆನೆಂದರೆ, ಅಣ್ಣನಿಗೆ ಬರೀ ಸೈಟು ಬಂತಲ್ಲ ಪಾಪ ಅನ್ನಿಸಿ, ತಿಥಿ ಊಟ ಮುಗಿದ ದಿನ ಅಮ್ಮನ ಚಿನ್ನದ ಬಳೆಗಳನ್ನು ಅತ್ತಿಗೆಯ ಕೈಗೆ ನಾನೇ ಹಾಕಿದ್ದೆ. ಎಂಥ ದೊಡ್ಡ ಮನಸ್ಸು ನನ್ನದು!

ವಕೀಲರು ಓದಿ ಕನ್ನಡಕ ತೆಗೆದರು. "ವಿಲ್ ಏನೋ ಸರಿಯಾಗೇ ಇದೆಯಮ್ಮ. ಸೈಟು ನಿಮ್ಮಪ್ಪ ದುಡಿದು ತಗೊಂಡಿದ್ದು, ಯಾರಿಗೆ ಬೇಕಾದ್ರೂ ಬರೀಬಹುದು. ಕ್ವಾರ್ಟರ್ಸ್ ಅವ್ರದ್ದಲ್ಲ. ತಮ್ಮದಲ್ಲದ್ದನ್ನ ವಿಲ್‌ನಲ್ಲಿ ಕೊಡಕ್ಕೆ ಬರಲ್ಲ."

"ರಿಜಿಸ್ಟರ್ ಆಗಿದೆಯಲ್ಲ ಸಾರ್?"

"ರಿಜಿಸ್ಟರ್ ಆದ ಮಾತ್ರಕ್ಕೆ ಮನೆ ಅವ್ರದ್ದಾಗಲ್ಲ."

"ಹಾಗಾದ್ರೆ ಸೈಟಲ್ಲಿ ನಂಗೆ ಅರ್ಧ ಬರಲ್ವಾ?"

"ವಿಲ್ ಬರೀದೇ ಇದ್ದಿದ್ರೆ ಬರ್ತಿತ್ತು" ಅಂದರು.

ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಭದ್ರಾವತಿ ಬಸ್ಸು ಬಂತು, ಹೋಯಿತು, ಇನ್ನೊಂದು ಬಂತು. ನಾನು ಸುಮ್ಮನೆ ನೋಡುತ್ತ ಕೂತಿದ್ದೆ. ಅಪ್ಪ ನೆಮ್ಮದಿಯಾಗಿ ಸತ್ತ, ಅದಾದರೂ ಒಳ್ಳೆಯದಾಯಿತು ಅನ್ನಿಸಿತು.

ಲೀಸು ಅಪ್ಪನ ಹೆಸರಿಗಷ್ಟೇ ಇತ್ತು. ಕ್ವಾರ್ಟರ್ಸ್ ಬಿಟ್ಟುಕೊಟ್ಟು, ಟ್ರಂಕು ಹೊತ್ತು ಅಣ್ಣನ ಮನೆಗೆ ಬಂದೆ. ಅಣ್ಣ ಫೋನಿನಲ್ಲಿ ಯಾರ ಜೊತೆಗೋ ಸೈಟಿನ ಪಾಯ ತೆಗೆಸುವ ಮಾತಾಡುತ್ತಿದ್ದ. ಅತ್ತಿಗೆ ಕಾಫಿ ತಂದಳು, ಕೈಯಲ್ಲಿ ಅಮ್ಮನ ಬಳೆ.

"ಎಷ್ಟು ದಿನ ಇರ್ತೀಯ?" ಅಂದಳು.